ಇಟಲಿಯ ಸವತಿ

ಸೆರಂಗೂನ್‌ನ ಮಾಲ್‌ಗೆ ನಾನು ಹೋದದ್ದು ಮಿಕ್ಸಿ ಜಾರಿನ ಮುಚ್ಚಳ ಹುಡುಕಿಕೊಂಡು. ಮುಚ್ಚಳ ಸಿಗಲಿಲ್ಲ. ಎಸ್ಕಲೇಟರ್ ಇಳಿಯುವಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಹೊಸ ಚರ್ಮದ್ದು, ಸ್ವಲ್ಪ ಮೇಣ ಬೆರೆತದ್ದು. ಇದು ನನಗೆ ಗೊತ್ತಿರುವ ವಾಸನೆಯಲ್ಲವೇ ಎಂದು ತಿರುಗಿ ನೋಡಿದರೆ, ಕೆಳಗೆ ಬಿಳಿ ಕಟ್ಟೆಯ ಮೇಲೆ ಕೆಂಪು ಕಾರು. ಅದರ ಮೂತಿಯ ಮೇಲೆ ಕತ್ತು ಚಾಚಿದ ಹುಂಜದ ಲಾಂಛನ. ನೀವೇ ಹೇಳಿ, ಸತ್ತರೆಂದು ಸ್ನಾನ ಮಾಡಿ ಮುಗಿಸಿದ ಮೇಲೆ ಅವರೇ ಎದುರಿಗೆ ಬಂದು ನಿಂತರೆ ಹೇಗಾಗಬೇಡ?

ಸ್ನಾನ ಎಂದದ್ದು ಮಾತಿನ ಚಂದಕ್ಕಲ್ಲ. ನಿಜವಾಗಿ ಆದ ಸ್ನಾನ ಅದು. ಆದರೆ ಮೊದಲು ಅಂಕಲ್ ಮತ್ತು ಆಂಟಿಯ ಪರಿಚಯವಾಗಬೇಕು.

ಈ ಪರದೇಶದ ಪಾಸಿರ್ ರಿಸ್ ಬಡಾವಣೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಉಡುಪಿ ಕಡೆಯವರು. ಮನೆಯೊಳಗೆ ತುಳು, ನಮ್ಮ ಹತ್ತಿರ ಬೆಂಗಳೂರಿನ ಕನ್ನಡ, ಸಿಟ್ಟು ಬಂದರೆ ಮತ್ತೆ ತುಳು. ಅಂಕಲ್‌ಗೆ ಕಾಕಿ ಬುಕಿತ್‌ನಲ್ಲಿ ಪ್ಯಾಕಿಂಗ್ ಸಾಮಾನಿನ ಗೋಡೌನ್ ಇತ್ತು. ಅರ್ಧ ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆ, ಇನ್ನರ್ಧದಲ್ಲಿ ಇಟಲಿಯ ಆ ಕಾರು. ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಆಂಟಿ ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳಿದವರಲ್ಲ, ಕಾರಿನ ಹೆಸರನ್ನೂ ಹೇಳಿದವರಲ್ಲ. ಅವರ ಬಾಯಲ್ಲಿ ಅದು ಸವತಿ, ಅಷ್ಟೆ.

ಆ ಕಂಪನಿಯ ಕಥೆಯನ್ನು ಅಂಕಲ್ ತಾಳಮದ್ದಳೆಯ ಅರ್ಥ ಹೇಳುವವರ ಹಾಗೆ ಏರಿಸಿ ಇಳಿಸಿ ಹೇಳುತ್ತಿದ್ದರು. ನೀರಿನ ಪಂಪು ಮಾಡುತ್ತಿದ್ದ ಒಬ್ಬ ಹಟಮಾರಿ, ಹಳ್ಳಿಯ ಶೆಡ್ಡಿನಲ್ಲಿ ಮೊದಲ ಕಾರು ಕಟ್ಟಿದ್ದು, ಅದು ರೇಸಿನಲ್ಲಿ ದೊಡ್ಡ ದೊಡ್ಡವರನ್ನು ಹಿಂದೆ ಹಾಕಿದ್ದು, ಸಿನಿಮಾ ನಟಿಯರು ಶೆಡ್ಡಿನ ಬಾಗಿಲಲ್ಲಿ ಕಾದದ್ದು. ಆಮೇಲೆ ದನಿ ಇಳಿಯುತ್ತಿತ್ತು. ಮಕ್ಕಳು ಕಿತ್ತಾಡಿದರು, ಕಾರ್ಖಾನೆ ಕೈಯಿಂದ ಕೈಗೆ ಹೋಯಿತು. "ಒಬ್ಬ ಇಂಜಿನ್ ಹಾಳು ಮಾಡಿದ, ಇನ್ನೊಬ್ಬ ಹುಂಜವನ್ನೇ ಕೋಳಿಮರಿ ಮಾಡಿದ!" ಎಂದು ಅಂಕಲ್ ತೊಡೆ ತಟ್ಟುತ್ತಿದ್ದರು.

ಒಳಗಿಂದ ಆಂಟಿ, "ಊರಲ್ಲಿ ಕೋಳಿ ಅಂಕದ ಹುಚ್ಚು ಬಿಡಿಸಿದ್ದೆ. ಇಲ್ಲಿಗೆ ಬಂದು ಈ ಹುಂಜ ಗಂಟು ಬಿತ್ತು ನೋಡು ಮಾರಾಯ್ತಿ," ಎನ್ನುತ್ತಿದ್ದರು.

ಆ ಕಾರಿನಲ್ಲಿ ಆಂಟಿ ಒಮ್ಮೆಯೂ ಕೂರಲಿಲ್ಲ. "ಸವತಿಯ ಮಡಿಲಲ್ಲಿ ನಾನ್ಯಾಕೆ ಕೂರಲಿ?" ಎಂಬ ಒಂದೇ ಹಟ. ಒಂದೇ ಮದುವೆಗೆ ಅಂಕಲ್ ಕಾರಿನಲ್ಲಿ, ಆಂಟಿ ಎಂಆರ್‌ಟಿ ರೈಲಿನಲ್ಲಿ. ಆಂಟಿಯೇ ಮೊದಲು ತಲುಪಿ, "ಪಾರ್ಕಿಂಗ್ ಸಿಕ್ತಾ?" ಎಂದು ಗಂಡನನ್ನು ಬಾಗಿಲಲ್ಲಿ ಸ್ವಾಗತಿಸುತ್ತಿದ್ದರು. ಭಾನುವಾರ ಅಂಕಲ್ ಕಾರು ಒರೆಸಿ ಮನೆಗೆ ಬಂದರೆ ಶರ್ಟಿಗೆಲ್ಲ ಸೀಟಿನ ಚರ್ಮದ ವಾಸನೆ. ಹೊಸಿಲಲ್ಲೇ ಶರ್ಟು ಬಿಚ್ಚಿಸಿ ಮಷಿನ್‌ಗೆ ಹಾಕುತ್ತಿದ್ದರು.

ಒಂದು ದಿನ ನಾನು ಅವರ ಮನೆಯಲ್ಲೇ ಇದ್ದೆ. ಅಂಕಲ್ ಫೋನು ನೋಡುತ್ತ ಬಿಳಿಚಿಕೊಂಡರು. ಇಟಲಿಯ ಕಾರ್ಖಾನೆಗೆ ಬೀಗ ಬಿದ್ದಿತ್ತು.

"ಸತ್ತ ಸುದ್ದಿ ಬಂದ ಮೇಲೆ ಹಾಗೇ ಕೂತಿರ್ತೀರಾ? ಹೋಗಿ ತಲೆಗೆ ನೀರು ಹಾಕ್ಕೊಳ್ಳಿ," ಎಂದರು ಆಂಟಿ. ತಮಾಷೆಗೆ ಅಂದದ್ದು. ಅಂಕಲ್ ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿ ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಆಂಟಿ ಅವತ್ತು ಸಾರಿಗೆ ಒಗ್ಗರಣೆಯನ್ನೂ ಹಾಕಲಿಲ್ಲ.

ಈ ದೇಶದಲ್ಲಿ ಕಾನೂನು ಕಾರಿಗೆ ಕೊಡುವುದು ಹತ್ತು ವರ್ಷದ ಆಯುಸ್ಸು. ಅದು ಮುಗಿದಾಗ ಬಿಡಿಭಾಗವೂ ಸಿಗದ ಆ ಕಾರನ್ನು ಅಂಕಲ್ ಗುಜರಿಗೆ ಕೊಟ್ಟರು. ಹೋದ ವರ್ಷ ಅಂಕಲ್ ಕೂಡ ಹೋದರು. ಆಂಟಿ ಎಲ್ಲರೆದುರು ಗಟ್ಟಿಯಾಗಿದ್ದರು. ಬಟ್ಟೆಯನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ದಾನಕ್ಕೆ ಕೊಟ್ಟು ಕಪಾಟು ಖಾಲಿ ಮಾಡಿದರು. ಒಂದು ತಿಂಗಳಾದ ಮೇಲೆ ನನ್ನ ಕೈ ಹಿಡಿದು, "ಒಂದು ಶರ್ಟನ್ನಾದ್ರೂ ಒಗೀದೆ ಇಟ್ಕೋಬೇಕಿತ್ತು. ಮನೇಲಿ ಎಲ್ಲೂ ಅವರ ವಾಸನೆ ಇಲ್ಲ," ಎಂದರು.

ಆದ್ದರಿಂದ ಮಾಲ್‌ನಲ್ಲಿ ನನಗೆ ಮೊದಲು ನೆನಪಾದದ್ದು ಆಂಟಿಯ ಆ ಮಾತು. ಆಂಟಿಗೆ ಹೇಳಲೇ, ಬಿಡಲೇ? ಆರುತ್ತಿರುವ ಗಾಯವನ್ನು ಕೆರೆದ ಹಾಗಾದರೆ? ಎರಡು ದಿನ ಒದ್ದಾಡಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಬಂಧುಬಳಗಕ್ಕೆಲ್ಲ ಗೊತ್ತಿರುವ ವಿಷಯ. ಮೂರನೇ ದಿನ ಹೇಳಿದೆ. ಆಂಟಿ ಸೀರೆ ಬದಲಿಸಿ ಬಂದು, "ನಡಿ," ಎಂದರು.

ಕಾರಿನ ಮುಂದೆ ಅವರು ಕಲ್ಲಾಗಿ ನಿಂತರು. ಬಾಯಿಂದ ತುಳುವಿನಲ್ಲಿ ಬಂದದ್ದು, "ಅಯ್ಯೋ ದೇವೆರೇ."

ಮಾರುವ ಹುಡುಗಿ ಓಡಿ ಬಂದಳು. ಹೊಸ ಮಾಲೀಕರು ಹೆಸರು ಕೊಂಡು ಕಂಪನಿಯನ್ನು ಮತ್ತೆ ಎಬ್ಬಿಸಿದ್ದಾರೆ, ಇದು ಬ್ಯಾಟರಿ ಕಾರು, ಸೀಟಿನ ಚರ್ಮ ಮಾತ್ರ ಹಳೆಯ ಊರಿನದೇ ಎಂದೆಲ್ಲ ಹೇಳಿದಳು. ಆಂಟಿ, "ಸ್ಟಾರ್ಟ್ ಮಾಡು," ಎಂದು ಕೈಸನ್ನೆ ಮಾಡಿದರು.

"ಆಲ್‌ರೆಡಿ ಆನ್ ಲಾ, ಆಂಟಿ," ಎಂದಳು ಹುಡುಗಿ ಇಲ್ಲಿಯವರ ಇಂಗ್ಲಿಷಿನಲ್ಲಿ.

ಸದ್ದೇ ಇರಲಿಲ್ಲ. ಗೋಡೌನಿನ ತಗಡು ನಡುಗುವಂತೆ ಗುಡುಗುತ್ತಿದ್ದ ಹುಂಜ ಈಗ ಉಸಿರೂ ಬಿಡದೆ ನಿಂತಿತ್ತು. ಆಂಟಿಯ ಮುಖ ಕೆಂಪೇರಿತು.

"ಇವಳು ಮಾತ್ರ ಎದ್ದು ಬಂದ್ಲಾ? ಅವರನ್ನ ಬಿಟ್ಟು ಇವಳೊಬ್ಬಳೇ ಬಂದ್ಲಾ?"

ಅಷ್ಟು ಜೋರಾಗಿ ಕೂಗಿದರು, ಎಸ್ಕಲೇಟರ್ ಮೇಲಿದ್ದವರೂ ತಿರುಗಿ ನೋಡಿದರು. ಹುಡುಗಿ ಹೆದರಿ ಹಿಂದೆ ಸರಿದಳು. ಇವರನ್ನು ಕರೆತಂದು ಎಂಥ ತಪ್ಪು ಮಾಡಿದೆ ಎಂದು ನಾನು ಅವರ ತೋಳು ಹಿಡಿಯಹೋದೆ. ಅಷ್ಟರಲ್ಲಿ ಆಂಟಿ ಬಾಗಿಲು ತೆಗೆದು ಒಳಗೆ ಕೂತೇಬಿಟ್ಟರು. ಎಂದೂ ಕೂರದಿದ್ದ ಆಂಟಿ! ಬಾಗಿಲು ಎಳೆದುಕೊಂಡರು. ಗಾಜಿನೊಳಗೆ ಅವರು ಸೀಟಿಗೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡದ್ದು ಕಂಡಿತು. ಒಂದು ವರ್ಷದಿಂದ ತಡೆದ ಅಳು ಆಗ ಬಂತು.

ಮರಳುವಾಗ ಎಂಆರ್‌ಟಿಯಲ್ಲಿ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡೇ ಕೂತಿದ್ದರು. "ಈ ಸೀರೆ ಒಗೆಯೋದಿಲ್ಲ," ಎಂದರು, ಅಷ್ಟೆ.

ಮನೆಗೆ ಬಂದು ನಾನು ವಾಷಿಂಗ್ ಮಷಿನ್ ತುಂಬುತ್ತಿದ್ದೆ. ನಮ್ಮವರ ನೀಲಿ ಶರ್ಟು ಕೈಗೆ ಬಂತು. ಬೆವರು, ಮಸಾಲೆ, ಆಫೀಸಿನ ಏಸಿಯ ವಾಸನೆ. ಮೂಗು ಮುರಿಯುವಂಥದ್ದೇ. ಅದನ್ನು ಮಡಚಿ ಕಪಾಟಿನ ಹಿಂದೆ ಇಟ್ಟೆ.

"ನನ್ನ ನೀಲಿ ಶರ್ಟ್ ಎಲ್ಲಿ?" ಎಂದು ಅವರು ನಿನ್ನೆಯೂ ಕೇಳಿದರು. ಗೊತ್ತಿಲ್ಲ ಎಂದೆ.