ಹಿಮ್ಮೇಳಕ್ಕೆ ಬಿಟ್ಟ ಜಾಗ

ನನ್ನ ಹಾಡು ಕೇಳಿ ಇಷ್ಟಪಟ್ಟವರು ಎದುರು ಸಿಕ್ಕರೆ ಮೊದಲು ಕೇಳುವುದು, ಸಂಗೀತ ಎಲ್ಲಿ ಕಲಿತಿರಿ ಅಂತ. ಜಕ್ಕೂರಿನಲ್ಲಿ ಅಂದರೆ, ಅಲ್ಲಿ ಒಳ್ಳೆಯ ಗುರುಗಳಿದ್ದಾರಾ, ನಮ್ಮ ಮಗಳನ್ನೂ ಸೇರಿಸಬೇಕಿತ್ತು ಅನ್ನುತ್ತಾರೆ. ಗುರು ಇದ್ದಾಳೆ. ಆದರೆ ಅವಳಿಗೆ ಫೋನ್ ಅಂದರೆ ಸಿಟ್ಟು, ಶಿಷ್ಯರು ಅಂದರೆ ಇನ್ನೂ ಸಿಟ್ಟು. ಅವಳು ನಮ್ಮಪ್ಪನ ತಾಯಿ.

ಊರಿನ ಹಳೆಯ ಮನೆತನಗಳಲ್ಲಿ ಮದುವೆಯಾಗಲಿ, ಹುಡುಗಿ ಮೈನೆರೆಯಲಿ, ಬಸುರಿಗೆ ಬಳೆ ತೊಡಿಸಲಿ, ಸೋಬಾನೆ ಪದ ಹೇಳಲು ಅಜ್ಜಿಗೇ ಕರೆ ಬರುತ್ತಿತ್ತು. ಈಗಲೂ ಬರುತ್ತದೆ. ಚಪ್ಪರದ ಬದಲು ಏಸಿ ಹಾಕಿದ ಕಲ್ಯಾಣಮಂಟಪ, ಚಾಪೆಯ ಬದಲು ಬಿಳಿ ಬಟ್ಟೆ ತೊಡಿಸಿದ ಕುರ್ಚಿ, ಅಷ್ಟೇ ವ್ಯತ್ಯಾಸ. ಪದ ಹೇಳುವ ಕ್ರಮ ಮಾತ್ರ ಬದಲಾಗಿಲ್ಲ. ಅಜ್ಜಿ ಒಂದು ಸಾಲು ಹೇಳಿ ನಿಲ್ಲುತ್ತಾಳೆ. ಹಿಂದೆ ಕೂತ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ಒಟ್ಟಾಗಿ ಹೇಳುತ್ತಾರೆ. ಆ ಬಿಡುವಿನಲ್ಲಿ ಅಜ್ಜಿ ಉಸಿರು ತುಂಬಿಕೊಂಡು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಮುಂದಿನ ಸಾಲಿಗೆ ಸಿದ್ಧಳಾಗುತ್ತಾಳೆ. ಹೇಳಿದ ಸಾಲನ್ನು ಯಾರೂ ಎತ್ತಿಕೊಳ್ಳದೆ ಬಿಟ್ಟರೆ ಹೇಳಿದವಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ನಾನು ಎತ್ತಿಕೊಳ್ಳುವವರ ಗುಂಪಿನಲ್ಲಿ ಬೆಳೆದೆ. ಅತ್ತೆಯ, ಅಂದರೆ ಅಪ್ಪನ ತಂಗಿಯ, ಮಡಿಲಲ್ಲಿ ಕೂತು ಎಲ್ಲರ ಜೊತೆ ಬಾಯಿ ಬಿಡುತ್ತಿದ್ದೆ. ಸ್ವಲ್ಪ ದೊಡ್ಡವಳಾದ ಮೇಲೆ ಮನೆಯಲ್ಲಿ ನಾವೇ ಇದ್ದಾಗ ಒಂದೊಂದು ಸಾಲು ಮುಂದಾಗಿ ಹೇಳಲು ಅಜ್ಜಿ ಬಿಡುತ್ತಿದ್ದಳು. ಅತ್ತೆ, ಅಮ್ಮ ಎತ್ತಿಕೊಳ್ಳುತ್ತಿದ್ದರು. ಅಜ್ಜಿ ಎತ್ತಿಕೊಳ್ಳುತ್ತಿರಲಿಲ್ಲ. ನನ್ನದೊಂದೇ ಅಲ್ಲ, ಯಾರದ್ದನ್ನೂ ಅವಳು ಎತ್ತಿಕೊಂಡವಳಲ್ಲ. ಬೀಗರ ಕಡೆಯ ಹೆಂಗಸು ಪದ ಶುರುಮಾಡಿದರೆ ಅಜ್ಜಿ ಬಾಯಿ ಮುಚ್ಚಿ, ಚಾವಣಿ ನೋಡುತ್ತ, ಅಡಿಕೆ ಅಗಿಯುತ್ತಿದ್ದಳು. ಯಾರಾದರೂ ಕೇಳಿದರೆ, "ನಾನ್ ಮುಂದ್ ಯೋಳೋಳು, ಇಂದ್ ಯೋಳೋಳಲ್ಲ" ಅಂತ ಮುಗಿಸಿಬಿಡುತ್ತಿದ್ದಳು. ಸ್ವಂತ ತಂಗಿಯ ಮದುವೆಯಲ್ಲೂ ಹೀಗೇ ಮಾಡಿದಳಂತೆ. ಆ ತಂಗಿ ಮುದುಕಿಯಾದರೂ ಇದನ್ನು ಮರೆತಿಲ್ಲ, ನಮ್ಮ ಮನೆಗೆ ಬಂದಾಗಲೆಲ್ಲ ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ಹೇಳುತ್ತಾಳೆ.

ಯಲಹಂಕದ ಕಾಲೇಜಿನಲ್ಲಿ ಓದುವಾಗ ನಾವು ಮೂವರು ಸೇರಿ ಬ್ಯಾಂಡ್ ಕಟ್ಟಿದೆವು. ಗಿಟಾರ್ ಹುಡುಗನ ಮನೆ ಸಹಕಾರನಗರದಲ್ಲಿ, ಡ್ರಮ್ಸ್ ಹುಡುಗನದು ಆರ್.ಟಿ. ನಗರದಲ್ಲಿ. ಸಹಕಾರನಗರದ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅಭ್ಯಾಸ. ಗಣೇಶನ ಹಬ್ಬ, ರಾಜ್ಯೋತ್ಸವ, ಅಪಾರ್ಟ್‌ಮೆಂಟ್ ಸಂಘಗಳ ವಾರ್ಷಿಕೋತ್ಸವ, ಕರೆದಲ್ಲೆಲ್ಲ ಹೋದೆವು. ಆಮೇಲೆ ಡ್ರಮ್ಸ್ ಹುಡುಗ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತ. ಗಿಟಾರ್ ಹುಡುಗ ಜಾಹೀರಾತುಗಳಿಗೆ ಸಂಗೀತ ಮಾಡತೊಡಗಿದ. ಜಗಳವಾಡದೆ ಮುರಿದ ಬ್ಯಾಂಡ್ ಈ ಊರಿನಲ್ಲಿ ನಮ್ಮದೊಂದೇ ಇರಬೇಕು. ಮುರಿದದ್ದು ಯಾವತ್ತು ಅಂತಲೂ ನಮಗೆ ಸರಿಯಾಗಿ ಗೊತ್ತಿಲ್ಲ.

ನಾನು ಬೇರೆಯವರ ಹಾಡುಗಳಿಗೆ ಕೋರಸ್ ಹಾಡುತ್ತ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದೆ. ಒಂದು ದಿನ ಗಿಟಾರ್ ಹುಡುಗನೇ ಹೇಳಿದ. "ಎಷ್ಟು ದಿನ ಅಂತ ಆ, ಊ ಅಂತಿರ್ತೀಯ ಮಗಾ? ನಿಂದೇ ಒಂದು ಹಾಡು ಮಾಡೋಣ. ನೀನೊಬ್ಳೇ."

ಅವನ ಮನೆಯ ಹಿಂದಿನ ರೂಮಿನಲ್ಲಿ ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದೆವು. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನಗಳು ತಲೆಯ ಮೇಲೆ ಬಂದಾಗಲೆಲ್ಲ ನಿಲ್ಲಿಸಬೇಕು, ಹೋದ ಮೇಲೆ ಮತ್ತೆ ಹಾಡಬೇಕು. ಅದು ನಮಗೆ ಹೊಸದಲ್ಲ. ಹೊಸದಾಗಿ ಗೊತ್ತಾದದ್ದು ಬೇರೆ.

"ಪ್ರತಿ ಲೈನ್ ಆದ್ಮೇಲೂ ಯಾಕೆ ಹಂಗೆ ಬಿಎಂಟಿಸಿ ಬಸ್ ಥರ ನಿಲ್ತೀಯ?" ಅಂದ.

"ಎಲ್ಲಿ ನಿಂತೆ?"

ಅವನು ನನ್ನ ದನಿಯನ್ನಷ್ಟೇ ಕೇಳಿಸಿದ. ನಿಜ. ಒಂದು ಸಾಲು, ಅಷ್ಟೇ ಉದ್ದದ ಮೌನ, ಮತ್ತೊಂದು ಸಾಲು. "ಬ್ಯಾಂಡಲ್ಲಿ ಆ ಗ್ಯಾಪಲ್ಲೆಲ್ಲ ನಾನು ಗಿಟಾರ್ ನುಡಿಸಿ ತುಂಬಿಸ್ತಿದ್ದೆ. ಅದ್ಕೆ ಗೊತ್ತಾಗ್ತಿರ್ಲಿಲ್ಲ. ಸೋಲೋದಲ್ಲಿ ಇದು ನಡಿಯಲ್ಲ ಗುರು, ಜನ ಬೇರೆ ಹಾಡಿಗೆ ಹೋಗ್ಬಿಡ್ತಾರೆ."

ನಿಲ್ಲದೆ ಹಾಡಲು ನೋಡಿದೆ. ಗಂಟಲು ಕೇಳಲಿಲ್ಲ. ಹಿಂದೆ ಹೆಂಗಸರು ಕಾದು ಕೂತಿದ್ದಾರೆ ಅನ್ನುವ ಭಾವ ನನ್ನ ಉಸಿರಿನಲ್ಲೇ ಸೇರಿಹೋಗಿತ್ತು. ಕೊನೆಗೆ ಅವನು ಕಂಪ್ಯೂಟರಿನಲ್ಲಿ ಆ ಬಿಡುವುಗಳನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿದ. ಹಾಡು ಕುದುರೆಯ ಹಾಗೆ ಓಡಿತು. ಜನ ಅದನ್ನು ತಮ್ಮ ನಾಯಿಮರಿಯ ವಿಡಿಯೋಗೆ, ಹೊಸ ಬೈಕಿನ ವಿಡಿಯೋಗೆ, ನಿಶ್ಚಿತಾರ್ಥದ ವಿಡಿಯೋಗೆಲ್ಲ ಹಾಕಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ನಮ್ಮ ಮನೆಯವರು ಸುಮ್ಮನಿದ್ದರು. ಮೂರನೇ ಮಹಡಿಯ ಬಾಡಿಗೆಯವರು ಬಂದು ಹೊಗಳಿದ ಮೇಲೆ ಅತ್ತೆ ಫೋನ್ ಹಿಡಿದುಕೊಂಡು ಗೇಟಿನ ಬಳಿ ಬಿಸಿಲು ಕಾಯುತ್ತಿದ್ದ ಅಜ್ಜಿಗೆ ಹಾಡು ಕೇಳಿಸಿದರು.

"ಗಂಟ್ಲು ಚೆನ್ನಾಗೈತೆ" ಅಂದಳು ಅಜ್ಜಿ. "ಆದ್ರೆ ಇದೇನಮ್ಮಿ, ನಾಯಿ ಅಟ್ಟುಸ್ಕೊಂಡ್ ಬಂದಂಗೆ ಇಂಗೆ ಓಡ್ತೀಯ? ಯಾರ್ಗೂ ಎತ್ಕೊಳ್ಳಾಕೇ ಬುಡಲ್ವಲ್ಲ."

"ಇದು ಒಬ್ಳೇ ಹೇಳೋ ಹಾಡು ಅಜ್ಜಿ. ಸೋಲೋ ಅಂತಾರೆ."

"ಒಬ್ಳೇ ಮಾಡಾದು ಅಂದ್ರೆ ಅಳಾದೊಂದೇ ಕಣಮ್ಮಿ. ಪದಾನೂ ಒಬ್ಳೇ ಯೋಳ್ತಾರಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ನೀನೇನು ಕಂಡಿದ್ದೀಯ ಹೋಗು ಅಂತ ಮನಸ್ಸಿನಲ್ಲೇ ಬೈದುಕೊಂಡು ಮಹಡಿ ಹತ್ತಿ ಹೋದೆ. ಮೆಟ್ಟಿಲು ಹತ್ತುವಾಗಲೇ ಆ ಮಾತು ಒಳಗೆ ಇಳಿಯಿತು. ಯಾಕೆಂದರೆ ಅದೇ ವಾರ ನನಗೆ ಕರೆ ಬಂದಿತ್ತು. ಹೆಬ್ಬಾಳದ ಕಡೆಯ ಒಂದು ಮಾಲ್‌ನ ಹಿಂದೆ ಬಯಲು ವೇದಿಕೆಯಿದೆ, ಅಲ್ಲಿ ಒಂದು ಸಂಜೆ ನಾನೊಬ್ಬಳೇ ಹಾಡಬೇಕು. ಇದು ಚೆನ್ನಾಗಿ ಆದರೆ ಊರೂರಿಗೆ ಕಳಿಸುತ್ತೇವೆ, ಇಲ್ಲದಿದ್ದರೆ ನೋಡೋಣ ಅಂದಿದ್ದರು ಏರ್ಪಡಿಸುವವರು. ನೋಡೋಣ ಅಂದರೆ ಏನು ಅಂತ ಗೊತ್ತಿರದಷ್ಟು ನಾನು ಪೆದ್ದಿಯಲ್ಲ. ಮತ್ತೆ ಆ, ಊ. ಹುಟ್ಟಿದಾಗಿನಿಂದ ಜನರೆದುರು ಒಮ್ಮೆಯೂ ಒಂಟಿಯಾಗಿ ಹಾಡದವಳು ನಾನು. ವೇದಿಕೆಯ ಮೇಲೆ ಕತ್ತರಿಸುವ ಕಂಪ್ಯೂಟರ್ ಇರುವುದಿಲ್ಲ. ನನಗೆ ಹೆದರಿಕೆಯಾಗಿತ್ತು.

ಬೆಳಿಗ್ಗೆ ಜಕ್ಕೂರು ಕೆರೆಯ ಸುತ್ತ ಕಿವಿಗೆ ತಾಳದ ಟಕ್ ಟಕ್ ಹಾಕಿಕೊಂಡು, ನಿಲ್ಲದೆ ಹಾಡುತ್ತ ನಡೆದೆ. ವಾಕಿಂಗಿನ ಯಜಮಾನರು ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಕೊನೆಕೊನೆಗೆ ಪರವಾಗಿಲ್ಲ ಅನ್ನಿಸಿತು. ಗಿಟಾರ್ ಹುಡುಗ ಅವತ್ತು ಜೊತೆಗೆ ನುಡಿಸಲು ಒಪ್ಪಿದ್ದ. ಅವನಿಂದ ಆಣೆ ಮಾಡಿಸಿಕೊಂಡೆ. ನಾನು ಎಲ್ಲಿ ನಿಂತರೂ ನೀನು ತುಂಬಿಸಬೇಡ, ತುಂಬಿಸುತ್ತೀಯ ಅಂತ ಗೊತ್ತಿದ್ದರೆ ನಾನು ನಿಂತೇ ನಿಲ್ಲುತ್ತೇನೆ.

ಆ ಸಂಜೆ ಜನ ಬಂದರು. ಅರ್ಧ ನನಗಾಗಿ, ಅರ್ಧ ಐಸ್‌ಕ್ರೀಮಿಗಾಗಿ. ಮೆಟ್ಟಿಲುಗಳ ಒಂದು ತುದಿಯಲ್ಲಿ ಅಮ್ಮ, ಅತ್ತೆ, ನಡುವೆ ಅಜ್ಜಿ. ಮೂವರೂ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು, ಧಾರೆಗೆ ಬಂದವರ ಹಾಗೆ ಕೂತಿದ್ದರು. ಅವರ ಹಿಂದೆ ಕೂತ ಕಾಲೇಜು ಹುಡುಗಿಯರಿಗೆ ಅಜ್ಜಿಯ ತುರುಬು ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ ಅಂತ ಕಾಣುತ್ತದೆ.

ಮೊದಲು ಎಲ್ಲರಿಗೂ ಗೊತ್ತಿದ್ದ ಹಾಡು. ಅದರ ಸಂಗೀತ ಮೊದಲೇ ಸಿದ್ಧವಾಗಿದ್ದು ಸ್ಪೀಕರಿನಿಂದ ಬರುತ್ತಿತ್ತು, ನನ್ನನ್ನು ಎಳೆದುಕೊಂಡು ಹೋಯಿತು. ಚಪ್ಪಾಳೆ ಬಿತ್ತು. ಮರ್ಯಾದೆಯ ಚಪ್ಪಾಳೆ. ಎರಡನೆಯದು ಹೊಸ ಹಾಡು, ಬರಿಯ ಗಿಟಾರ್ ಜೊತೆ. ಕಣ್ಣು ಮುಚ್ಚಿ ಎತ್ತಿದೆ:

"ಕೆರೆ ಏರಿಯ ಗಾಳಿಗೆ ಯಾರ ಹಂಗೂ ಇಲ್ಲ..."

ನಿಂತುಬಿಟ್ಟೆ.

ಗೊತ್ತಾಯಿತು, ಆದರೆ ಆಗಲೇ ನಿಂತಾಗಿತ್ತು. ಗಿಟಾರ್ ಹುಡುಗ ಆಣೆ ನೆನೆದು ತಂತಿಯ ಮೇಲೆ ಕೈ ಎತ್ತಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಮೈಕಿನ ಗುಂಯ್ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಮುಂದಿನ ಸಾಲು ತಲೆಯಿಂದ ಹಾರಿಹೋಗಿತ್ತು. ಎದುರಿನ ಸಾಲಿನಲ್ಲಿ ಒಬ್ಬ ಫೋನ್ ಕೆಳಗಿಳಿಸಿದ. ಮುಗಿಯಿತು ಅಂದುಕೊಂಡೆ.

ಆಗ ಆ ಸಾಲು ವಾಪಸ್ ಬಂತು. ಮೈಕಿಲ್ಲದೆ, ಒಂದೇ ದನಿಯಲ್ಲಿ, ನನಗಿಂತ ಒಂದಷ್ಟು ಮೇಲಿನ ಶ್ರುತಿಯಲ್ಲಿ, ಇಡೀ ಬಯಲಿಗೆ ಕೇಳುವ ಹಾಗೆ. ಒಂದೆರಡು ಕಡೆ ಜನ ನಕ್ಕರು. ನಾನು ಕಣ್ಣು ಬಿಟ್ಟೆ. ಅತ್ತೆಯೇ ಇರಬೇಕು, ಎತ್ತಿಕೊಳ್ಳುವವರಲ್ಲಿ ಅವರದೇ ದೊಡ್ಡ ಗಂಟಲು ಅಂದುಕೊಂಡಿದ್ದೆ. ಅತ್ತೆಯ ಬಾಯಿ ತೆರೆದಿತ್ತು ನಿಜ, ಆದರೆ ಅವರು ಹಾಡುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ಅಜ್ಜಿಯನ್ನು ನೋಡುತ್ತಿದ್ದರು. ಅಮ್ಮನೂ ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿ ಮಾತ್ರ ಇಬ್ಬರನ್ನೂ ಗಮನಿಸದೆ, ಸಾಲನ್ನು ಕೊನೆಯವರೆಗೆ ಹೇಳಿ ಮುಗಿಸಿ, ಮುಂದಿನದು ಎಲ್ಲಿ ಅನ್ನುವ ಹಾಗೆ ನನ್ನ ಕಡೆಗೆ ಗದ್ದ ಎತ್ತಿದಳು.

ಆ ಗದ್ದ ಕಂಡರೆ ಮನೆಯಲ್ಲಿ ಯಾರಿಗಾದರೂ ಎಲ್ಲವೂ ನೆನಪಾಗುತ್ತದೆ. ನನಗೂ ಆಯಿತು. ಎರಡನೇ ಸಾಲು ಹೇಳಿದೆ, ಈ ಸಲ ಬೇಕಂತಲೇ ನಿಂತೆ. ಅಜ್ಜಿಯ ಜೊತೆ ಅತ್ತೆ, ಅಮ್ಮ ಎತ್ತಿಕೊಂಡರು. ಮೂರನೆಯದಕ್ಕೆ ಹಿಂದಿನ ಕಾಲೇಜು ಹುಡುಗಿಯರು ಸೇರಿದರು, ಪದಗಳನ್ನು ಅರ್ಧ ನುಂಗಿಕೊಂಡು. ಪಲ್ಲವಿ ಮತ್ತೆ ಬರುವ ಹೊತ್ತಿಗೆ ಐಸ್‌ಕ್ರೀಮಿಗೆ ಬಂದವರೂ ಹೇಳುತ್ತಿದ್ದರು. ಗಿಟಾರ್ ಹುಡುಗ ನಗುತ್ತ ತಾಳಕ್ಕೆ ಗಿಟಾರಿನ ಮರದ ಮೈಯನ್ನೇ ತಟ್ಟತೊಡಗಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಕಡೆ ಶ್ರುತಿ ಜಾರಿತು, ಯಾರಿಗೂ ತಿಳಿಯಲಿಲ್ಲ. ಅಜ್ಜಿಗೆ ತಿಳಿಯಿತು, ಹುಬ್ಬು ಗಂಟಿಕ್ಕಿದಳು.

ಮುಗಿದ ಮೇಲೆ ಏರ್ಪಡಿಸಿದ ಹುಡುಗಿ ಓಡಿಬಂದಳು. "ಮ್ಯಾಮ್, ಆ ಆಂಟಿಗಳನ್ನ ಕೂರ್ಸೋ ಐಡಿಯಾ ಸೂಪರ್. ಮೈಸೂರಿಗೂ ಅವರು ಬರ್ತಾರಲ್ಲ?" ಅಂದಳು. ಮೈಸೂರು ಅನ್ನುವುದನ್ನು ಅವಳು ಹಾಗೆ ಮಾತಿನ ನಡುವೆ ಎಸೆದುಹೋದಳು. ನನಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಹೊರಟಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅತ್ತೆ ಕಾರು ಓಡಿಸುತ್ತಿದ್ದರು, ಅಮ್ಮ ಪಕ್ಕದಲ್ಲಿ. ಹಿಂದೆ ನಾನು ಮತ್ತು ಅಜ್ಜಿ. ಅಜ್ಜಿ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದಳು. ಯಾರೂ ಆ ಮಾತು ಎತ್ತಲಿಲ್ಲ. ಎತ್ತಿದರೆ ಅವಳು ಚಾವಣಿ ನೋಡುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಅತ್ತೆ ಮಾತ್ರ ಕನ್ನಡಿಯಲ್ಲಿ ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಡಚಿದ ಎಲೆಯನ್ನು ಅಜ್ಜಿ ತನ್ನ ಬಾಯಿಗೆ ಹಾಕಿಕೊಳ್ಳಲಿಲ್ಲ, ನನ್ನ ಕೈಗಿಟ್ಟಳು. ಪದ ಮುಗಿದ ಮೇಲೆ ಮುಂದೆ ಹೇಳಿದವಳಿಗೆ ಮೊದಲ ವೀಳ್ಯ ಕೊಡುವುದು ನಮ್ಮಲ್ಲಿ ಪದ್ಧತಿ. ಅದನ್ನು ಯಾವಾಗಲೂ ತೆಗೆದುಕೊಂಡವಳು ಅವಳು.

"ಅಮ್ಮಿ, ಮುಂದ್ಲ ಸಲ ಒಸಿ ಮೇಲ್ಕೆ ಎತ್ತು" ಅಂದಳು, ಕಿಟಕಿಯ ಕಡೆ ನೋಡುತ್ತ. "ತೀರಾ ತಗ್ಗಾಯ್ತು. ಇಂದ್ ಯೋಳೋರ್ಗೆ ಕಷ್ಟ ಆಯ್ತದೆ ನಮ್ಗೆ."

ಆಯ್ತಜ್ಜಿ ಅಂದೆ. ಎಲೆಯನ್ನು ಬಾಯಿಗಿಟ್ಟುಕೊಂಡು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದೆ.