ಹೈದರಾಬಾದಿನಲ್ಲಿ ಆರು ವಾರ, ಗೋವಾದವಳಾಗಿ

ಮೈಸೂರಿನಿಂದ ಮಧ್ಯಾಹ್ನ ಹೊರಟ ರೈಲು ಮರುದಿನ ಬೆಳಗಿನ ಜಾವ ಹೈದರಾಬಾದಿನ ಕಾಚಿಗುಡ ನಿಲ್ದಾಣ ಮುಟ್ಟಿತು. ಜೂನ್ ತಿಂಗಳು. ಮಳೆ ಇನ್ನೂ ಬಂದಿರಲಿಲ್ಲ. ಅಷ್ಟು ಹೊತ್ತಿಗೇ ಪ್ಲಾಟ್‌ಫಾರಂ ಬೆಚ್ಚಗಿತ್ತು. ಆ ದಿನದ ಡೈರಿಯಲ್ಲಿ, 'ಇಲ್ಲಿ ಯಾರಿಗೂ ನಾನು ಗೊತ್ತಿಲ್ಲ, ಹಿತವಾಗಿದೆ' ಎಂದು ಬರೆದಿದ್ದೇನೆ. ನೆನಪು ಹೇಳುವುದು ಬೇರೆ. ಮೈಸೂರಿಗೆ ವಾಪಸು ರೈಲು ಎಷ್ಟು ಗಂಟೆಗಿದೆ ಎಂದು ಫಲಕ ಹುಡುಕಿದ್ದೆ. ಎರಡರಲ್ಲಿ ಯಾವುದನ್ನು ನಂಬಬೇಕೋ ಗೊತ್ತಿಲ್ಲ. ಓದುವವರೂ ಅಷ್ಟು ಅನುಮಾನವನ್ನು ಜೊತೆಗಿಟ್ಟುಕೊಂಡರೆ ಒಳ್ಳೆಯದು.

ಬಂದದ್ದು ಆರು ವಾರದ ಕೆಲಸಕ್ಕೆ. ಮಣಿಕೊಂಡದ ಒಂದು ಖಾಸಗಿ ಶಾಲೆಯಲ್ಲಿ ಆರನೆಯ ತರಗತಿಯ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು. ಪಾಠ ಮಾಡಲು ಬೇರೆ ಟೀಚರ್ ಇದ್ದರು. ನಾನು ಮಾತಿನ ಅಭ್ಯಾಸಕ್ಕೆ ಮಾತ್ರ. ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಅಮೆರಿಕದ ಗೆಳತಿ ಎಲೆನ್ ಇಂಥದೇ ಕೆಲಸವನ್ನು ಸ್ಪೇನಿನ ಒಂದು ಸಣ್ಣ ಊರಿನಲ್ಲಿ ವರ್ಷವಿಡೀ ಮಾಡಿದ್ದಳು. ಅಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ, ಮಕ್ಕಳು ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ, ಅವಳಿಗೆ ಸ್ಪ್ಯಾನಿಷ್ ಬರುತ್ತಿದ್ದರೂ ಬಾರದವಳ ಹಾಗೆ ಇರಬೇಕೆಂದು ಶಾಲೆಯವರು ಹೇಳಿದ್ದರು ಎಂದೆಲ್ಲ ನಗುತ್ತಾ ಹೇಳಿದ್ದಳು. 'ನಿನಗೆ ಹಾಗೆ ಹೇಳಿದರೆ ಒಪ್ಪಬೇಡ' ಎಂದೂ ಹೇಳಿದ ನೆನಪು. ಅದನ್ನು ಅವಳು ನಿಜವಾಗಿ ಹೇಳಿದಳೋ, ಆಮೇಲಿನ ಕಥೆಗೆ ಹೊಂದಲೆಂದು ನಾನೇ ಸೇರಿಸಿಕೊಂಡೆನೋ ತಿಳಿಯದು.

ಉಳಿದುಕೊಂಡದ್ದು ಬೇಗಂಪೇಟೆಯಲ್ಲಿ, ಕಮಲಾಬಾಯಿಯವರ ಮನೆಯಲ್ಲಿ. ಅವರ ಅಜ್ಜ ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದು ಇಲ್ಲೇ ನಿಂತವರು. ಕಮಲಾಬಾಯಿ ಸರಕಾರಿ ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾಗಿದ್ದರು. ತರಕಾರಿಯವನ ಜೊತೆ ತೆಲುಗು, ಆಟೊದವನ ಜೊತೆ ಹಿಂದಿ; ಹೊಸಿಲು ದಾಟಿ ಒಳಗೆ ಬಂದ ಕೂಡಲೇ ಕನ್ನಡ. ನನ್ನನ್ನು ಮೊದಲ ದಿನದಿಂದಲೂ 'ಮೈಸೂರವ್ವ' ಎಂದೇ ಕರೆದರು.

ಶಾಲೆಗೆ ಹೋಗಲು ಬೇಗಂಪೇಟೆಯಿಂದ ರಾಯದುರ್ಗದವರೆಗೆ ಮೆಟ್ರೊ, ಅಲ್ಲಿಂದ ಮಣಿಕೊಂಡಕ್ಕೆ ಶೇರ್ ಆಟೊ. ಎಲ್ಲ ಸೇರಿ ಒಂದು ಗಂಟೆಯ ಹಾದಿ. ಮೊದಲ ದಿನ ಮುಖ್ಯೋಪಾಧ್ಯಾಯಿನಿ ಎದುರು ಕೂರಿಸಿಕೊಂಡು, ಎಲೆನ್‌ಗೆ ಹೇಳಿದ್ದನ್ನೇ ನನಗೂ ಹೇಳಿದರು. ಮಕ್ಕಳೆದುರು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಎನ್ನುವಂತೆ ಇರಬೇಕು. ಊರಿನ ಹೆಸರೂ ಹೇಳಕೂಡದು. ನಾನು ಒಪ್ಪಿದೆ. 'ಒಪ್ಪದೆ ಗತಿಯಿರಲಿಲ್ಲ' ಎಂದು ಡೈರಿಯಲ್ಲಿದೆ. ಅದು ಸುಳ್ಳು. ನನಗದು ಆಟದಂತೆ ಕಂಡಿತ್ತು.

ನಿಶಾ ಎಂಬ ಹೆಸರು, ಕತ್ತರಿಸಿದ ಕೂದಲು, ಊರು ಕೇಳಿದರೆ ಬರೀ ನಗು. ಮಕ್ಕಳು ಎರಡೇ ದಿನದಲ್ಲಿ ನಾನು ಗೋವಾದವಳೆಂದು ತೀರ್ಮಾನಿಸಿದರು.

ಆ ತರಗತಿಯಲ್ಲಿ ಕನ್ನಡದ ಹುಡುಗಿಯರು ಇಬ್ಬರಿದ್ದರು, ವೈಭವಿ ಮತ್ತು ಶ್ರೇಯಾ. ವೈಭವಿ ಇಲ್ಲೇ ಹುಟ್ಟಿದವಳು, ಬಾಯಿ ಜೋರು. ಶ್ರೇಯಾ ರಾಯಚೂರಿನಲ್ಲಿ ಅಜ್ಜಿಯ ಬಳಿ ಕನ್ನಡ ಶಾಲೆಯಲ್ಲಿ ಓದಿ, ಆ ವರ್ಷವಷ್ಟೇ ಅಪ್ಪ ಅಮ್ಮ ಇರುವ ಇಲ್ಲಿಗೆ ಬಂದಿದ್ದಳು. ಉಳಿದವರಿಗೆ ತಿಳಿಯದ ಕನ್ನಡ ಅವರಿಬ್ಬರ ಗುಟ್ಟಿನ ಕೋಣೆಯಾಗಿತ್ತು. ನಾನು ಅದರೊಳಗೆ ಕೂತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಮಕ್ಕಳ ಜೊತೆಯೇ ಡಬ್ಬಿ ಬಿಚ್ಚಬೇಕಿತ್ತು. ಕಮಲಾಬಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಕಟ್ಟಿದ್ದರು.

"ಏ ಶ್ರೇಯಾ, ಗೋವಾದಾಗ ಶೇಂಗಾ ಹಿಂಡಿ ಎಲ್ಲಿಂದ ಬಂತೇ?" ವೈಭವಿ ನನ್ನೆದುರೇ ಕೇಳಿದಳು.

"ಅತ್ತಿ ಕಟ್ಟಿ ಕೊಟ್ಟಿರಬೇಕು."

"ಇಕಿಗೆ ಮದುವಿನ ಆಗಿಲ್ಲ, ಅತ್ತಿ ಎಲ್ಲಿಂದ ಬರಬೇಕು! ಚಪ್ಪಲಿ ನೋಡು, ನಮ್ಮ ಅಜ್ಜಿದ ಇದ್ದಂಗ ಅದಾವ."

ನಾನು ರೊಟ್ಟಿ ಮುರಿಯುತ್ತಾ ಕಿಟಕಿಯ ಕಡೆ ನೋಡಿದೆ. ಅಂದು ಸಂಜೆ ಕಮಲಾಬಾಯಿಗೆ ಇದನ್ನೆಲ್ಲ ಹೇಳಿ ಇಬ್ಬರೂ ನಕ್ಕೆವು. "ದಿನಾ ಎಂಟು ತಾಸು ಮೂಕಿ ಆಗಿ ಕುಂತು ಬರ್ತಿ, ಮನಿಗೆ ಬಂದಮ್ಯಾಲ ಬಾಯಿ ನಿಲ್ಲಂಗಿಲ್ಲ ನಿಂದು" ಎಂದರು ಅವರು.

ಎರಡನೆಯ ವಾರ ಮಳೆ ಶುರುವಾಯಿತು. ಮೂರನೆಯ ವಾರದ ಒಂದು ಮಧ್ಯಾಹ್ನ, ಡಬ್ಬಿ ಮುಚ್ಚುವ ಹೊತ್ತಿಗೆ, ಶ್ರೇಯಾ ವೈಭವಿಗೆ ಸಣ್ಣ ದನಿಯಲ್ಲಿ ಹೇಳಿದಳು:

"ನನಗ ಈ ಮಿಸ್ ಹೇಳೂದು ಒಂದೂ ತಿಳಿಯೂದಿಲ್ಲ. ಎಲ್ಲಾರೂ ನಕ್ಕಾಗ ನಾನೂ ನಗತೀನಿ. ಪರೀಕ್ಷಿ ಬಂದ್ರ ಏನ ಮಾಡ್ಲಿ? ಬ್ಯಾರೆ ಸೆಕ್ಷನ್‌ಗೆ ಹಾಕಿದ್ರ ನೀ ಇರಂಗಿಲ್ಲ. ನಾ ಅಜ್ಜಿ ಮನಿಗೇ ಹೋಗತೀನಿ."

ಆರನೆಯ ವಾರ ಪ್ರತಿ ಮಗುವೂ ಎದುರು ನಿಂತು ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆಯಿತ್ತು. ಬಾಯಿ ಬಿಡದವರನ್ನು ಬೇರೆ ಸೆಕ್ಷನ್ನಿಗೆ ಕಳಿಸುವುದು ಆ ಶಾಲೆಯ ರೂಢಿ. ಆ ಸಂಜೆ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ವಾರದಲ್ಲಿ ನನ್ನದೇ ಅಕ್ಷರ: 'ಶ್ರೇಯಾ ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ, ಸದಾ ನಗುಮುಖ.' ನೆನಪು ಕೈಕೊಡುತ್ತದೆಂದು ಬರೆದಿಡುವವಳು ನಾನು. ಕಣ್ಣೆದುರಿಗಿದ್ದಾಗಲೇ ತಪ್ಪು ಬರೆದಿದ್ದೆ.

ಆಮೇಲೆ ನಿಧಾನವಾಗಿ ಮಾತಾಡಿದೆ, ಬೋರ್ಡಿನ ಮೇಲೆ ಚಿತ್ರ ಬರೆದೆ, ಶ್ರೇಯಾಳ ಹತ್ತಿರ ನಿಂತು ಹೇಳಿದ್ದನ್ನೇ ಎರಡು ಸಲ ಹೇಳಿದೆ. ಅವಳ ಕಣ್ಣಿನಲ್ಲಿ ಆಗೀಗ ಒಂದು ಬೆಳಕು ಕಂಡಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ನನಗೆ ಕನ್ನಡ ಬರುತ್ತದೆಂದು ಮಾತ್ರ ಹೇಳಲಿಲ್ಲ. ಶಾಲೆಯ ನಿಯಮ ಎಂದು ಸಮಾಧಾನ ಮಾಡಿಕೊಂಡೆ. ಕೇಳಿಸಿಕೊಳ್ಳುವುದರಲ್ಲಿ ರುಚಿ ಹತ್ತಿತ್ತು ಎಂಬುದೂ ನಿಜ. ರಾಯಚೂರಿನ ಅಜ್ಜಿಯ ಮನೆ, ಅಲ್ಲಿಯ ಬೇವಿನ ಕಟ್ಟೆ, ಗಂಗಿ ಎಂಬ ಕುಂಟ ಮೇಕೆ, ಎಲ್ಲ ನನಗೆ ಗೊತ್ತಾಗಿತ್ತು.

ಪರೀಕ್ಷೆಯ ದಿನ ಶ್ರೇಯಾ ನನ್ನ ಮೇಜಿನೆದುರು ನಿಂತಳು. ಹೆಸರು ಹೇಳಿದಳು, ನಿಂತುಬಿಟ್ಟಳು. ಗಡಿಯಾರ ಓಡುತ್ತಿತ್ತು. ನಾನು ಮುಂದೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದೆ: "ಹೆದರಬೇಡ ಪುಟ್ಟಿ. ಗಂಗಿ ಬಗ್ಗೆ ಹೇಳು. ನಿನಗೆ ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ಹೇಳು, ಸಾಕು."

ಧೈರ್ಯ ಬರುತ್ತದೆಂದುಕೊಂಡಿದ್ದೆ. ಅವಳ ಮುಖ ಬಿಳಿಚಿತು. "ನಿಮಗ ಕನ್ನಡ ಬರತೈತೇನ್ರಿ?" ಎಂದಳು. ಆಮೇಲೆ, "ಗಂಗಿ ಹೆಸರು ನಿಮಗ ಯಾರು ಹೇಳಿದ್ರು?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಹೋಗಿ ತನ್ನ ಜಾಗದಲ್ಲಿ ತಲೆ ಬಗ್ಗಿಸಿ ಕೂತಳು. ಅಂಕದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಏನೂ ಬರೆಯಲಾಗಲಿಲ್ಲ.

ಗೇಟಿನ ಬಳಿ ವೈಭವಿ ಅಡ್ಡ ನಿಂತಳು. "ನನ್ನ ಬೇಕಾದ್ರ ಬೈಯ್ರಿ ಮಿಸ್, ಚಪ್ಪಲಿ ಬಗ್ಗೆ ನಾನ ಅಂದಿದ್ದು. ಆದ್ರ ಅಕಿ ನಿಮಗೇನ ಮಾಡಿದ್ಲು? ಇಷ್ಟ ದಿನ ಸುಮ್ಮ ಕುಂತು ಎಲ್ಲಾ ಕೇಳಾಕತ್ತಿದ್ರಲ್ಲ!"

ಮನೆಗೆ ಬಂದು ಕಮಲಾಬಾಯಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. ಪುಂಡಿ ಸೊಪ್ಪು ಬಿಡಿಸುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ.

"ಮೂರನೇ ವಾರದಾಗ ಹೇಳಿದ್ರ ಉಪಕಾರ ಅಕ್ಕಿತ್ತು. ಈಗ ಹೇಳಿದ್ದು ಕಳವು ಸಿಕ್ಕಂಗಾತು."

"ಒಳ್ಳೆಯದಕ್ಕೇ ಹೇಳಿದ್ದು ಅಮ್ಮ."

"ಒಳ್ಳೇದಕ್ಕ ಹೌದು, ಯಾರ ಒಳ್ಳೇದಕ್ಕ? ನಾಳಿಗೆ ಹೋಗಿ ಕೂಸಿನ ಮುಂದ ತಪ್ಪಾತು ಅನ್ನು. ಅಂದ್ರ ನಿನ್ನ ಕಿರೀಟ ಏನೂ ಬೀಳಂಗಿಲ್ಲ, ಮೈಸೂರವ್ವ."

ಮರುದಿನ ಮೊದಲು ಮುಖ್ಯೋಪಾಧ್ಯಾಯಿನಿಯ ಬಳಿ ಹೋದೆ. ನಿಯಮ ಮುರಿದದ್ದಕ್ಕೆ ಬೈಸಿಕೊಂಡೆ. ಶ್ರೇಯಾಳಿಗೆ ಇನ್ನೊಂದು ಅವಕಾಶ ಕೇಳಿದೆ. ಶುಕ್ರವಾರ, ತಮ್ಮೆದುರಿಗೆ, ನಾನು ತುಟಿ ಬಿಚ್ಚಕೂಡದು ಎಂಬ ಕರಾರಿನ ಮೇಲೆ ಒಪ್ಪಿದರು. ಆಮೇಲೆ ತರಗತಿಗೆ ಬಂದು, ನಾನು ಗೋವಾದವಳಲ್ಲ, ಮೈಸೂರಿನವಳು, ಕನ್ನಡ ನನ್ನ ಮನೆಮಾತು, ಬಾರದವಳಂತೆ ನಟಿಸಿ ಕೇಳಿಸಿಕೊಂಡದ್ದು ತಪ್ಪು ಎಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಶ್ರೇಯಾಳ ಬೆಂಚಿನ ಬಳಿ ನಿಂತು ಅದನ್ನೇ ಕನ್ನಡದಲ್ಲಿ ಹೇಳಿದೆ. ಅವಳು ತಲೆ ಎತ್ತಲಿಲ್ಲ.

ಎದ್ದು ನಿಂತದ್ದು ವೈಭವಿ. "ಹಂಗಾದ್ರ ನಿಮಗೂ ಪರೀಕ್ಷಿ, ಮಿಸ್. ಎದುರು ನಿಂತು ತೆಲುಗಿನ್ಯಾಗ ಮಾತಾಡ್ರಿ." ಅದನ್ನೇ ಎಲ್ಲರಿಗೂ ತೆಲುಗಿನಲ್ಲಿ ಸಾರಿದಳು. ತರಗತಿ ಬೆಂಚು ಬಡಿಯಿತು.

ನನಗೆ ತೆಲುಗು ನಿಜವಾಗಿಯೂ ಬರುತ್ತಿರಲಿಲ್ಲ. "ನಾ ಪೇರು ನಿಶಾ" ಎಂದು ನಿಂತೆ. ಮೂವತ್ತು ಮುಖಗಳು ಕಾಯುತ್ತಿದ್ದವು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೀಮೆಸುಣ್ಣ ಹಿಡಿದುಕೊಂಡೆ, ಅದು ಮುರಿಯಿತು. ಆಟೊದವರಿಂದ ಕಲಿತಿದ್ದ ಏಕೈಕ ವಾಕ್ಯ ನೆನಪಾಗಿ, ಆರನೆಯ ತರಗತಿಗೆ ತೆಲುಗಿನಲ್ಲಿ 'ಸ್ವಲ್ಪ ಒಳಗೆ ಸರಿಯಿರಿ' ಎಂದೆ. ಮೊದಲು ಒಂದೇ ಒಂದು ನಗು ಕೇಳಿಸಿತು. ಉಳಿದವರು ಆಮೇಲೆ ಸೇರಿಕೊಂಡರು. ಮೊದಲು ನಕ್ಕವಳು ಶ್ರೇಯಾ ಎಂದು ನನ್ನ ನೆನಪು. ಹಾಗಾಗಿರಲಿ ಎಂಬ ಆಸೆಯೂ ನನಗಿದೆ. ಆದ್ದರಿಂದ ಪ್ರಮಾಣ ಮಾಡಲಾರೆ.

ಶುಕ್ರವಾರ ನಾನು ಮೂಲೆಯ ಕುರ್ಚಿಯಲ್ಲಿ ತುಟಿ ಬಿಗಿದು ಕೂತೆ. ಶ್ರೇಯಾ ಅಜ್ಜಿಯ ಮನೆಯ ಬಗ್ಗೆ ಆರು ವಾಕ್ಯ ಹೇಳಿದಳು. ಮೂರನೆಯದಾದ ಮೇಲೆ ತಡೆದಳು; ನಾಲ್ಕನೆಯದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮೇಕೆ ಇತ್ತು, ಕುಂಟುತ್ತಿತ್ತು. ಅದರ ಹೆಸರು ಮಾತ್ರ ಹೇಳಲಿಲ್ಲ. ಅದನ್ನು ತನಗೇ ಇಟ್ಟುಕೊಂಡಳು. ಮುಖ್ಯೋಪಾಧ್ಯಾಯಿನಿ ಹಾಳೆಯ ಮೇಲೆ ಗೀಚಿ, ಇದೇ ಸೆಕ್ಷನ್ನಿನಲ್ಲಿ ಇರಲಿ ಎಂದರು.

ಮರುದಿನ ಅರ್ಧ ದಿನದ ಶಾಲೆ, ನನ್ನ ಕೊನೆಯ ದಿನ. ಸಂಜೆಯ ರೈಲಿಗೆಂದು ಕಮಲಾಬಾಯಿ ರೊಟ್ಟಿಯ ಜೊತೆ ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದರು. ಜಿಟಿಜಿಟಿ ಮಳೆಯಲ್ಲಿ ಶೇರ್ ಆಟೊ ಹತ್ತಿ ಕೂತಾಗ ಗೇಟಿನ ಕಂಬದ ಬಳಿ ಒಂದೇ ಕೊಡೆಯ ಕೆಳಗೆ ಇಬ್ಬರೂ ನಿಂತಿದ್ದರು. ನನ್ನನ್ನು ನೋಡಿದರು. ವೈಭವಿ ನನಗೂ ಕೇಳಿಸುವಂತೆ ಶ್ರೇಯಾಳಿಗೆ ಏನೋ ಹೇಳಿದಳು, ತೆಲುಗಿನಲ್ಲಿ. ಶ್ರೇಯಾ ತಡವರಿಸುತ್ತಾ ತೆಲುಗಿನಲ್ಲೇ ಏನೋ ಉತ್ತರಿಸಿದಳು. ನನ್ನ ಚಪ್ಪಲಿಯ ಬಗ್ಗೆಯೇ ಇರಬಹುದು, ಬೇರೆ ಏನಾದರೂ ಇರಬಹುದು. ಒಂದು ಪದವೂ ತಿಳಿಯಲಿಲ್ಲ.

ಇಬ್ಬರೂ ನಕ್ಕರು. ಅವರು ನಕ್ಕಾಗ ನಾನೂ ನಕ್ಕೆ.