ಮಗ್ಗದ ಕೋಣೆಯ ಬಾಗಿಲು

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯವನು, ತಾಯಿ ರೇಷ್ಮೆ ನೇಯುವ ಮಗ್ಗದ ಮಗ್ಗುಲಲ್ಲೇ ಕೂತು, ಜನರ ಕ್ರಿಪ್ಟೋ ಹಣ ಕಾಯುವ ಪ್ರೋಗ್ರಾಮು ಬರೆಯುತ್ತಿದ್ದ. ಯೋಚನೆ ಹತ್ತಿದರೆ ಅವನ ಬೆರಳು ಇಲ್ಲದ ಎಳೆಯೊಂದನ್ನು ಹೊಸೆಯುತ್ತಿತ್ತು. ಗ್ಯಾಸ್ ಆರಿಸಿ ಬಂದೆ ಎಂದರೂ ಕೇಳುವನು, "ನೋಡಿದ್ರಾ, ಇಲ್ಲಾ ನಂಬ್ಕಂಡು ಬಂದ್ರಾ?"

ನಮ್ಮ ಬೀದಿಯಲ್ಲಿ ಮಗ್ಗದ ಕೋಣೆಗೆ ಬಾಗಿಲಿರುವುದಿಲ್ಲ. ಮನೆಯ ಹೊಸ್ತಿಲು ದಾಟಿದವರನ್ನು ಒಳಗೆ ಮತ್ತೆ ಯಾರೆಂದು ಕೇಳುವುದೂ ಇಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಅವನ ಬೆರಳು ನಿಂತಿತ್ತು. ಪರದೆಯ ಮೇಲೆ ಹಣದ ಮೊತ್ತ ಕಣ್ಣೆದುರೇ ಇಳಿಯುತ್ತಿತ್ತು.

"ನಿಲ್ಲಿಸೋಕಾಗಲ್ವಾ?" ಎಂದೆ.

"ಇಂಥ ಪ್ರೋಗ್ರಾಮ್ನ ಒಂದ್ಸಲ ಜನಕ್ಕೆ ಬುಟ್ಮೇಲೆ ತಿದ್ದಕ್ಕಾಗಲ್ಲ ಕಣ್ರಿ. ಅದ್ರ ಮುಂಬಾಗ್ಲಲ್ಲಿ ಯಾರು ಅಂತ ಕೇಳಂಗೆ ಬರ್ದಿದ್ದೆ. ಒಳಗ್ಲ ಬಾಗ್ಲಲ್ಲಿ ಬರೀಲಿಲ್ಲ. ಅಲ್ಲಿಗೆ ಬರೋರು ನಮ್ಮೋರೇ ಅಂದ್ಕಂಡೆ. ಕಳ್ಳ ನೆಟ್ಟಗೆ ಅಲ್ಲಿಗೇ ಬಂದವ್ನೆ."

ನನ್ನ ಬಾಯಿಗೆ ಅವನದೇ ಪ್ರಶ್ನೆ ಬಂತು. ನುಂಗಿಕೊಂಡೆ.

ಮುಂದಿನ ವಾರ ಮಗ್ಗದ ಕೋಣೆಗೆ ಹೊಸ ಬಾಗಿಲು ಬಂದಿತ್ತು. ನೇಯಲು ಬಂದ ತಾಯಿ ಅದನ್ನು ತಟ್ಟಿದರು.

"ಯಾರು?" ಒಳಗಿಂದ ಅವನ ದನಿ.

"ನಾನು ಕಣ್ಲಾ, ನಿಮ್ಮವ್ವ."

ಚಿಲಕ ತಕ್ಷಣ ಸರಿಯಲಿಲ್ಲ.